ಚಲೋ ಮೋಡ

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಾನು ಒಳ್ಳೆಯ ಹೆಂಗಸಲ್ಲ. ಉಳಿದ ತಿಂಗಳಲ್ಲಿ ಏನು ಮಹಾ ಒಳ್ಳೆಯವಳು ಅಂತ ನಮ್ಮ ಮನೆಯವರು ಕೇಳಬಹುದು, ಕೇಳಲಿ. ಬೇಸಿಗೆಯ ಆ ದಿನಗಳಲ್ಲಿ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ದಕ್ಷಿಣದಲ್ಲಿ, ಹಿರೇಕೆರೂರಿನ ದಿಕ್ಕಿಗೆ, ಬಿಳಿ ಮೋಡವೊಂದು ಹೂಕೋಸಿನ ಹಾಗೆ ಉಬ್ಬತೊಡಗಿತು ಅಂದರೆ ಮುಗಿಯಿತು. ಅದು ಇನ್ನೂ ಉಬ್ಬಲಿ, ಕಪ್ಪಾಗಲಿ, ಗಾಳಿ ಏಳಲಿ, ಸಿಡಿಲು ಇಳಿಯಲಿ ಎಂದು ದೇವರ ಮುಂದೆ ಕೈಮುಗಿದು ಬೇಡಿಕೊಳ್ಳುವುದೊಂದು ಬಾಕಿ. ಒಮ್ಮೆ ಅದನ್ನೂ ಮಾಡಿದ್ದೇನೆ.

ನಾನು ಶಿಗ್ಗಾವಿಯಲ್ಲಿ ಹಲ್ಲಿನ ಡಾಕ್ಟರು. ನಮ್ಮ ಕಡೆ ಓದಿದ ಹೆಂಗಸರನ್ನು ‘ಬಾಯಾರ’ ಎಂದು ಕರೆಯುತ್ತಾರೆ. ನಾನು ಬಾಯಿಗೇ ಔಷಧ ಮಾಡುವವಳಾದ್ದರಿಂದ ‘ಬಾಯಿ ಬಾಯಾರು’ ಎಂದು ಬೆನ್ನ ಹಿಂದೆ ನಗುವವರೂ ಇದ್ದಾರೆ. ನಗಲಿ, ನಕ್ಕರೆ ನನಗೆ ಹಲ್ಲು ಕಾಣುತ್ತವೆ. ಒಂದು ಸಲ ಸವಣೂರಿನಿಂದ ಬಂದಿದ್ದ ಮುದುಕರೊಬ್ಬರ ಬಾಯಲ್ಲಿ ಹಲ್ಲಿನ ಸೆಟ್ಟಿಗೆಂದು ಅಚ್ಚಿನ ಹಿಟ್ಟು ತುಂಬಿ, ಅದು ಗಟ್ಟಿಯಾಗುವವರೆಗೆ ಪಕ್ಕದಲ್ಲಿ ನಿಲ್ಲಬೇಕಾದವಳು, ದೂರದಲ್ಲಿ ಗುಡುಗಿದ್ದು ಕೇಳಿ ಮಾಳಿಗೆ ಹತ್ತಿಬಿಟ್ಟೆ. ಇಳಿದು ಬರುವಷ್ಟರಲ್ಲಿ ಪಾಪ, ಮುದುಕರ ಕಣ್ಣಲ್ಲಿ ನೀರು. ಅಚ್ಚು ತೆಗೆದ ಮೇಲೆ ಬಯ್ಯುತ್ತಾರೆ ಅಂದುಕೊಂಡರೆ, ‘ಮಳಿ ಬಂತೇನ್ರಿ ಬಾಯಾರ?’ ಎಂದು ಕೇಳಿ ಬಾಯಿ ಒರೆಸಿಕೊಂಡರು. ಬೈದಿದ್ದರೆ ನನಗೆ ಅವತ್ತು ರಾತ್ರಿ ಊಟ ಸೇರುತ್ತಿತ್ತು.

ನಮ್ಮವರು ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಾರು ಅವರದು, ಕ್ಯಾಮೆರಾ ನನ್ನದು. ಫೋನಿನಲ್ಲಿ ಮಳೆಯ ರಾಡಾರ್ ಚಿತ್ರ ನೋಡಿ ನಾನು ‘ಹಾನಗಲ್ ಕಡೆ ತಿರುಗಸ್ರಿ’ ಅನ್ನುವುದು, ಅವರು ಗೊಣಗುತ್ತಲೇ ತಿರುಗಿಸುವುದು. ಮಿಂಚನ್ನು ಕಂಡ ಮೇಲೆ ಬಟನ್ ಒತ್ತಿದರೆ ತಡವಾಯಿತು. ಬೆಳಕು ಇಳಿಯುವ ಹೊತ್ತಿಗೆ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ, ಮೊದಲೇ ಅದರ ಕಣ್ಣು ತೆರೆದಿಟ್ಟು ಕಾಯಬೇಕು. ಈಗ ಹೊಡೆಯಲಿ, ಈಗ ಹೊಡೆಯಲಿ ಎಂದು ಕಾಯುವುದೇ ಈ ಕೆಲಸ. ಎಲ್ಲಿ ಹೊಡೆಯಲಿ ಅಂತ ಮಾತ್ರ ಕೇಳಬೇಡಿ.

ಯಾಕೆಂದರೆ ಅದು ಎಲ್ಲೋ ಒಂದು ಕಡೆ ಹೊಡೆದೇ ಹೊಡೆಯುತ್ತದೆ. ಹಾನಗಲ್ಲಿನ ತೋಟಗಳ ಮೇಲೆ ನಾನು ಹಿಡಿದ ಗಾಳಿಮೋಡದ ಚಿತ್ರ ನೋಡಿದವರೆಲ್ಲ ಭಲೇ ಅಂದರು. ಆ ಸಂಜೆ ಅದೇ ಮೋಡದ ಕೆಳಗೆ ಮಾವಿನಕಾಯಿ ಮೊಳಕಾಲುದ್ದ ಉದುರಿದ್ದವು. ಸವಣೂರಿನಲ್ಲಿ ವೀಳ್ಯದೆಲೆಯ ಬಳ್ಳಿಗಳು ಹರಿದು ಚಿಂದಿಯಾದವು. ಹಿರೇಕೆರೂರಿನ ಸಂತೆಯ ದಿನ ತಗಡೊಂದು ಹಾರಿ ಬಂದು ಹತ್ತಿ ಗಾಡಿಯ ಮೇಲೆ ಬಿತ್ತು. ಮರುದಿನ ಇದನ್ನೆಲ್ಲ ನನ್ನ ಕುರ್ಚಿಯ ಮೇಲೆ ಕೂತ ರೋಗಿಗಳು ಹೇಳುತ್ತಾರೆ. ನಾನು ‘ಹೌದಾ? ಅಯ್ಯ ದೇವರ’ ಅನ್ನುತ್ತ ಅವರ ಬಾಯಿಗೆ ಹತ್ತಿ ತುರುಕಿ ಮಾತು ನಿಲ್ಲಿಸುತ್ತೇನೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಅಂತ ನಮ್ಮವರು ಅನ್ನುವುದುಂಟು. ಮಳೆಯೇನು ನನ್ನನ್ನು ಕೇಳಿ ಬರುತ್ತದೆಯೇ ಎಂದು ನಾನು ಜೋರು ಮಾಡುತ್ತೇನೆ. ಆ ಜೋರು ಅಕ್ಕಿಆಲೂರಿನ ಕೆರೆ ಏರಿಯ ಮೇಲೆ ಆ ಹೆಣ್ಣುಮಗಳು ಸಿಗುವವರೆಗೆ ನಡೆಯಿತು.

ಈ ವರ್ಷದ ಮಾತು. ಅಕ್ಕಿಆಲೂರಿನ ಆಚೆ ಒಂದು ಕೆರೆ ಇದೆ. ಏರಿಯ ಮೇಲೆ ನಿಂತರೆ ದಕ್ಷಿಣಕ್ಕೆ ಒಂದು ಗಿಡವೂ ಅಡ್ಡ ಬರುವುದಿಲ್ಲ, ಮಿಂಚು ಇಳಿದರೆ ನೀರಿನಲ್ಲಿಯೂ ಕಾಣುತ್ತದೆ. ಬೇಸಿಗೆಯ ಶುರುವಿಗೆ ಒಂದು ಸಂಜೆ ಅಲ್ಲಿ ಸ್ಟ್ಯಾಂಡು ಊರಿ ಅಳತೆ ನೋಡುತ್ತಿದ್ದೆ. ಏರಿಯ ಕೆಳಗೆ, ಭತ್ತ ಕೊಯ್ದ ಗದ್ದೆಯಲ್ಲಿ, ಒಬ್ಬ ಹೆಣ್ಣುಮಗಳು ಸೀರೆಯನ್ನು ಎತ್ತಿ ಕಟ್ಟಿ ಮಣ್ಣು ತುಳಿಯುತ್ತಿದ್ದಳು. ಮೂವತ್ತರ ಆಸುಪಾಸಿನ ವಯಸ್ಸು, ಮೊಳಕೈವರೆಗೆ ಕೆಸರು.

‘ಏನ್ ಅಳಿಯಾಕತ್ತೀರ್ರಿ? ಕೆರಿ ಒಡಸ್ತೀರೇನು?’ ಎಂದು ಕೆಳಗಿನಿಂದಲೇ ಕೂಗಿದಳು. ಸರ್ಕಾರದವಳು ಅಂದುಕೊಂಡಿದ್ದಳು.

‘ಇಲ್ಲವಾ, ಫೋಟೋ ತಗೀತೇನಿ. ಮೋಡದ್ದು.’

‘ಮೋಡದ್ದ?’ ಸೊಂಟದ ಮೇಲೆ ಕೈ ಇಟ್ಟಳು. ‘ಯಾಕ್ರಿ, ಮನಷ್ಯಾರು ಯಾರೂ ಸಿಗಲಿಲ್ಲೇನು?’

ನಮ್ಮವರು ಕಾರಿನೊಳಗೆ ಕೂತು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಹಾಗೆ ಪರಿಚಯವಾಯಿತು.

ಆಕೆ ಇಟ್ಟಂಗಿ ಹಾಕುತ್ತಿದ್ದಳು, ಮಾರುವುದಕ್ಕಲ್ಲ, ಸ್ವಂತ ಮನೆಗೆ. ಗಂಡನ ಮನೆ ಹಿಸ್ಸೆಯಾಗಿತ್ತು. ಕಟ್ಟಿದ ಮನೆ ಭಾವನ ಪಾಲಿಗೆ ಹೋಗಿ ಇವರಿಗೆ ಊರ ಅಂಚಿನ ಖುಲ್ಲಾ ಜಾಗ ಬಂದಿತ್ತು. ಮಳೆಗಾಲದ ಒಳಗೆ ಬೇರೆ ಹೋಗುವುದು ಎಂದು ಹಿರಿಯರ ಮುಂದೆ ಮಾತಾಗಿತ್ತು. ಅಲ್ಲಿಯತನಕ ಭಾವನ ಮನೆಯ ಪಡಸಾಲೆಯ ಒಂದು ಮೂಲೆ, ಭಾವನ ಹೆಂಡತಿ ಅಂದರೆ ನೆಗೆಣ್ಣಿಯ ಒಲೆ. ಆಕೆಯ ಗಂಡ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ, ನಸುಕಿನಲ್ಲಿ ಬಂದು ಮಣ್ಣು ಕಲಸಿಕೊಟ್ಟು ಹೋಗುತ್ತಿದ್ದ. ಉಳಿದದ್ದೆಲ್ಲ ಇವಳದೇ. ತುಳಿದ ಮಣ್ಣನ್ನು ಕಟ್ಟಿಗೆಯ ಅಚ್ಚಿಗೆ ತುಂಬಿ, ಮೇಲೆ ಕೈಯಾಡಿಸಿ, ಬೂದಿ ಉದುರಿಸಿದ ನೆಲದ ಮೇಲೆ ಬೋರಲು ಹಾಕಿ ಅಚ್ಚನ್ನು ಮೆಲ್ಲಗೆ ಎತ್ತುವುದು. ಸ್ವಲ್ಪ ಒಣಗಿದ ಮೇಲೆ ಮಗ್ಗುಲು ಮಾಡಿ ನಿಲ್ಲಿಸುವುದು. ಪೂರ್ತಿ ಒಣಗಿದ ಮೇಲೆ ಭಟ್ಟಿ ಒಟ್ಟಿ, ನಡುನಡುವೆ ಗಿರಣಿಯ ಭತ್ತದ ಹೊಟ್ಟು ತುಂಬಿ ಸುಡುವುದು. ಸುಟ್ಟರೆ ಇಟ್ಟಂಗಿ. ಅದಕ್ಕೆ ಮೊದಲು ಒಂದು ಜೋರು ಮಳೆ ಬಂದರೆ ಮತ್ತೆ ಮಣ್ಣು.

‘ಈ ಮಳಿಗಾಲ ನಾ ನೆಗೆಣ್ಣಿ ಒಲಿ ಮುಂದ ಕುಂತು ಕಳ್ಯಾಂಗಿಲ್ರಿ ಬಾಯಾರ,’ ಎಂದಳು. ‘ಒಂದ ಒಲಿ, ಇಬ್ಬರು ಹೆಂಗಸರು. ಆಕಿ ನನ್ನ ಹುಡುಗೂರಿಗೆ ರೊಟ್ಟಿ ನೀಡೋವಾಗ ಸೈತ ಎಣಿಸಿ ನೀಡ್ತಾಳ್ರಿ. ಎದಿಮಟ ಗ್ವಾಡಿ ಏಳಲಿ ಸಾಕು, ಮ್ಯಾಲ ತಗಡ ಹಾಕ್ಕೊಂಡು ಒಳಗ ಹೊಕ್ಕೊಂತೇನಿ. ನನ್ನ ಒಲಿ ನನ್ನದು.’

ಆಮೇಲೆ ನಾನು ಆ ದಾರಿಯಲ್ಲಿ ಹೋದಾಗೆಲ್ಲ ಏರಿಯ ಮೇಲೆ ನಿಲ್ಲುತ್ತಿದ್ದೆ. ಆಕೆಗೆ ಬಿರುಬಿಸಿಲೂ ಆಗುತ್ತಿರಲಿಲ್ಲ. ಬಿಸಿಲು ಹೆಚ್ಚಾದರೆ ಹಸಿ ಇಟ್ಟಂಗಿ ಬಿರುಕು ಬಿಡುತ್ತದೆ. ತೆಳ್ಳಗೆ ಮೋಡ ಮುಚ್ಚಿ, ತಂಪು ಗಾಳಿ ಆಡಿ, ಒಂದು ಹನಿಯೂ ಬೀಳದ ದಿನ ಆಕೆಗೆ ಹಬ್ಬ. ಅಂಥ ದಿನ ನನ್ನನ್ನು ಕಂಡರೆ ‘ಇವತ್ತ ಮೋಡ ಭಾಳ ಚಲೋ ಐತ್ರಿ ಬಾಯಾರ, ತಗೀರಿ ಫೋಟೋ!’ ಎಂದು ಕೂಗುತ್ತಿದ್ದಳು. ನಾನು ಮೇಲೆ ನೋಡಿದರೆ ಹಳೆಯ ದುಪ್ಪಟಿ ಹರವಿದಂಥ ಬೂದು ಆಕಾಶ, ಅದರಲ್ಲಿ ತೆಗೆಯುವಂಥದ್ದು ಏನೂ ಇರುತ್ತಿರಲಿಲ್ಲ. ಆಕೆಯ ಮನಸ್ಸಿಗೆಂದು ಒಂದು ಚಿತ್ರ ತೆಗೆದಂತೆ ಮಾಡುತ್ತಿದ್ದೆ.

‘ನಿಮ್ಮ ಫೋನಿನ್ಯಾಗ ಮಳಿ ಕಾಣತೈತೆಂತಲ್ರಿ, ನನಗೂ ಒಂದ ಮಾತ ಹೇಳ್ರೆಲ್ಲ,’ ಎಂದು ಆಕೆಯೇ ಕೇಳಿದಳು. ನಾನು ಹೆಮ್ಮೆಯಿಂದ ಒಪ್ಪಿಕೊಂಡೆ. ನನ್ನ ಈ ಹುಚ್ಚಿನಿಂದ ಒಬ್ಬರಿಗಾದರೂ ಉಪಯೋಗವಾದರೆ ಉಳಿದದ್ದೆಲ್ಲ ಮಾಫಿ ಆದೀತು ಎಂಬ ಲೆಕ್ಕವೂ ಒಳಗೆ ಇತ್ತು, ಸುಳ್ಳು ಯಾಕೆ ಹೇಳಲಿ. ಭರಣಿ ಮಳೆಯ ಹೊತ್ತಿಗೆ ಒಂದು ಮಧ್ಯಾಹ್ನ ಫೋನ್ ಹಚ್ಚಿ ‘ಮುಚ್ಚಿಬಿಡು ತಂಗಿ, ಸಂಜೀಕ ಬರತದ’ ಎಂದೆ. ಆಕೆ ತಾಡಪತ್ರಿ ಹೊದಿಸಿ ಸುತ್ತಲೂ ಕಲ್ಲು ಇಟ್ಟಳು. ಮಳೆ ಬಂತು, ಇಟ್ಟಂಗಿ ಉಳಿದವು. ಮರುದಿನ ಗಿರಣಿಯಿಂದ ಬರುವವರೊಬ್ಬರ ಕೈಯಲ್ಲಿ ನನಗೊಂದು ಡಬ್ಬಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಕಳಿಸಿದ್ದಳು. ಹಲ್ಲಿಲ್ಲದವರಿಗೆ ಹಲ್ಲು ಕಟ್ಟಿಸಿಕೊಟ್ಟಾಗಲೂ ನನಗೆ ಅಷ್ಟು ಜಂಬ ಬಂದಿರಲಿಲ್ಲ.

ಆ ನಂಬಿಕೆ ಕುದುರಿದ್ದೇ ಕೇಡಾಯಿತು.

ಕೃತ್ತಿಕೆಯ ದಿನಗಳು. ಆಕೆಯ ಇಟ್ಟಂಗಿಗಳೆಲ್ಲ ಹೆಚ್ಚುಕಡಿಮೆ ಒಣಗಿ ನಿಂತಿದ್ದವು, ಮರುದಿನ ಬೆಳಿಗ್ಗೆ ಭಟ್ಟಿ ಒಟ್ಟುವುದಿತ್ತು. ನಾನೂ ನಮ್ಮವರೂ ಹಿರೇಕೆರೂರಿನ ಕಡೆಯಿಂದ ಒಂದು ಮೋಡದ ಮುಂದೆ ಮುಂದೆ ಓಡುತ್ತ ಬರುತ್ತಿದ್ದೆವು. ಅಂಥ ಮೋಡವನ್ನು ನಾನು ಅದುವರೆಗೆ ಚಿತ್ರಗಳಲ್ಲಿ ಮಾತ್ರ ನೋಡಿದ್ದೆ. ನೆಲಕ್ಕೆ ಸಮನಾಗಿ ಒಂದು ಕಪ್ಪು ಅಂಚು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಗುಡಿಯ ಮೆಟ್ಟಿಲು ಜೋಡಿಸಿದ ಹಾಗೆ. ಕೆಳಗೆ ಮಳೆಯ ಪರದೆ, ಅದರೊಳಗೆ ಹಸಿರು ಬೆಳಕು. ಯಪ್ಪಾ! ಗೋವಿನಜೋಳ ಬಿತ್ತಲು ಹರಗಿದ ಹೊಲವೊಂದರ ಬದುವಿನಲ್ಲಿ ಕಾರು ನಿಲ್ಲಿಸಿ ಕಿಟಕಿ ಇಳಿಸಿ ಹುಚ್ಚಿಯ ಹಾಗೆ ತೆಗೆಯುತ್ತಿದ್ದೆ. ಆಗ ಫೋನು ಬಡಿದುಕೊಂಡಿತು.

‘ಬಾಯಾರ, ನಾನ್ರಿ, ಇಟ್ಟಂಗಿಯಾಕಿ. ದೂರ ಗುಡುಗಿದಂಗಾತು. ಮೋಡ ಹೆಂಗೈತ್ರಿ?’

‘ಅಯ್ಯ, ಏನ್ ಕೇಳ್ತೀ! ಭಾಳ ಚಲೋ ಅದ! ಇಂಥಾ ಚಲೋ ಮೋಡ ಈ ವರ್ಷದಾಗ ನಾ ನೋಡೇ ಇಲ್ಲ!’

‘ಚಲೋ ಐತಿ? ಹಂಗಾರ ಚಿಂತಿಲ್ಲ ಬಿಡ್ರಿ,’ ಎಂದು ಆಕೆ ಫೋನ್ ಇಟ್ಟಳು.

ನಾನು ಮತ್ತೆ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದೆ. ನಮ್ಮವರು ಸ್ಟೀರಿಂಗಿನ ಮೇಲಿನ ಕೈ ತೆಗೆದು ನನ್ನ ಕಡೆ ತಿರುಗಿದರು.

‘ಏನಂತ ಆಕಿ?’

‘ಮೋಡ ಹೆಂಗದ ಅಂದ್ಲು.’

‘ನೀ ಏನಂದಿ?’

‘ಕೇಳಿಸಲಿಲ್ಲೇನು? ಚಲೋ ಅದ ಅಂದೆ.’

‘ಚಲೋ? ಯಾರಿಗೆ ಚಲೋ?’ ಎಂದರು. ‘ತಿರುಗಿ ಫೋನ್ ಹಚ್ಚು ಮೊದಲ.’

ಅರ್ಥವಾಗಲಿಲ್ಲ ಎಂದು ಹೇಳುವಂತಿಲ್ಲ, ಪೂರ್ತಿ ಅರ್ಥವಾಯಿತು. ಆಕೆಯ ಬಾಯಲ್ಲಿ ಚಲೋ ಮೋಡ ಅಂದರೆ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೆ ಅದೇ ಗಳಿಗೆಯಲ್ಲಿ ಆ ಕಪ್ಪು ಅಂಚಿನಿಂದ ಮಿಂಚೊಂದು ಬೇರು ಬಿಟ್ಟಂತೆ ನೆಲದವರೆಗೆ ಇಳಿಯಿತು. ‘ಹಚ್ಚತೇನ್ರಿ, ಇದೊಂದು ತಗೊಂಡು ಹಚ್ಚತೇನಿ,’ ಎಂದೆ. ಇದೊಂದು ಆಯಿತು. ಇನ್ನೊಂದು ಆಯಿತು. ನಮ್ಮವರು ಕೊನೆಗೆ ಕಾರು ಶುರು ಮಾಡಿ, ನನ್ನ ಕ್ಯಾಮೆರಾ ಕಿಟಕಿಯ ಹೊರಗಿರುವಾಗಲೇ ಎಳೆದುಬಿಟ್ಟರು. ಆಗ ಫೋನ್ ಹಚ್ಚಿದೆ. ಅದು ಬಡಿದುಕೊಂಡೇ ಬಡಿದುಕೊಂಡಿತು, ಯಾರೂ ಎತ್ತಲಿಲ್ಲ.

ಮೋಡ ನಮಗಿಂತ ಮೊದಲೇ ಅಕ್ಕಿಆಲೂರು ಮುಟ್ಟಿತು. ನಾವು ಏರಿಯ ಮೇಲೆ ಬಂದಾಗ ಜೋರು ಕಳೆದು ಸಣ್ಣಗೆ ಸುರಿಯುತ್ತಿತ್ತು. ಕೆಳಗೆ ಗದ್ದೆಯಲ್ಲಿ ಸಾಲುಗಳು ಇದ್ದವು, ಇಟ್ಟಂಗಿಗಳಿರಲಿಲ್ಲ. ಮೂಲೆಗಳು ಕರಗಿ, ಒಂದಕ್ಕೊಂದು ಒರಗಿ, ಕೆಲವು ಪೂರ್ತಿ ಕುಸಿದು ಕೆಂಪು ನೀರಾಗಿ ಹರಿಯುತ್ತಿದ್ದವು. ತಾಡಪತ್ರಿ ಬೇಲಿಗೆ ಸಿಕ್ಕಿಕೊಂಡು ಬಡಿದುಕೊಳ್ಳುತ್ತಿತ್ತು. ಆಕೆ ನಡುವೆ ನಿಂತಿದ್ದಳು, ತಲೆಯ ಮೇಲೆ ಖಾಲಿ ಚೀಲ. ದಂಡೆಗೆ ಹೊಟ್ಟು ಹೇರಿದ ಗಾಡಿ ನಿಂತಿತ್ತು. ಆಕೆಯ ಗಂಡ ತೊಯ್ದ ಹೊಟ್ಟನ್ನು ಸುಮ್ಮನೆ ಕೈಯಿಂದ ಕೆದರುತ್ತಿದ್ದ.

ನನ್ನನ್ನು ಕಂಡು ಆಕೆ ಅಳಲಿಲ್ಲ, ಬಯ್ಯಲೂ ಇಲ್ಲ. ಆದದ್ದನ್ನು ಆದ ಹಾಗೆ ಹೇಳಿದಳು.

‘ನೀವು ಚಲೋ ಐತಿ ಅಂದ್ರೆಲ್ರಿ ಬಾಯಾರ. ಮುಚ್ಚೇ ಇದ್ವು. ಉಳಿದದ್ದಿಷ್ಟು ಹಸಿ ಗಾಳಿಗೆ ಆರಲಿ ಅಂತ ತಾಡಪತ್ರಿ ತಗದೆ. ತಗದು ಇವ್ರ ಜೋಡಿ ಹೊಟ್ಟು ತರಾಕ ಹೋದೆ. ಫೋನ್ ಮನ್ಯಾಗ ಇಟ್ಟೆ, ತೊಯ್ದೀತಂತ ಅಲ್ರಿ, ಇನ್ಯಾಕ ಬೇಕು ಅಂತ.’

ಮುಚ್ಚಿದ್ದನ್ನು ನನ್ನ ಮಾತಿಗಾಗಿ ತೆಗೆದಿದ್ದಳು. ನಾನು ಏನೂ ಹೇಳದೇ ಸುಮ್ಮನಿದ್ದರೂ ಆ ಇಟ್ಟಂಗಿ ಉಳಿಯುತ್ತಿದ್ದವು. ಆ ಕೆಸರಿನಲ್ಲಿ ನಿಂತುಕೊಂಡು ನಾನು ಹೇಳಿದ್ದೇನು? ‘ಗಾಳಿ ಒಮ್ಮಿಂದೊಮ್ಮೆ ತಿರುಗಿಬಿಡ್ತು ತಂಗಿ, ಇಲ್ಲಾಂದ್ರ ಆಚೆ ಕಡೆ ಹೋಗತಿತ್ತು.’ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವರು ನನ್ನ ಮುಖವನ್ನು ಒಮ್ಮೆ ನೋಡಿ ಬೇಲಿಯ ಕಡೆ ನಡೆದು ತಾಡಪತ್ರಿ ಬಿಡಿಸತೊಡಗಿದರು. ಆಕೆ ‘ಹೂಂ’ ಎಂದಳು ಅಷ್ಟೇ.

ಆ ರಾತ್ರಿ ಚಿತ್ರಗಳನ್ನು ತೆರೆದು ನೋಡಿದೆ. ಮೆಟ್ಟಿಲುಮೋಡ, ಹಸಿರು ಬೆಳಕು, ಬೇರಿನಂಥ ಮಿಂಚು, ಎಲ್ಲ ಬಂದಿದ್ದವು. ನನ್ನ ಜನ್ಮದಲ್ಲಿ ತೆಗೆದ ಚಿತ್ರಗಳಲ್ಲಿ ಅದೇ ಮೇಲು. ಮೋಡದ ಹುಚ್ಚಿನವರ ಗುಂಪಿನಲ್ಲಿ ಹಾಕಿದೆ. ಹೊಗಳಿಕೆಯ ಸುರಿಮಳೆ. ಓದುತ್ತ ಓದುತ್ತ ನನಗೆ ಖುಷಿಯಾಯಿತು. ನಾಚಿಕೆ ಆಮೇಲೆ ಬಂತು, ಮೊದಲು ಬಂದದ್ದು ಖುಷಿ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಇಲ್ಲಿ ಬರೆದರೆ ಮತ್ತೆ ಗಾಳಿ ತಿರುಗಿತು ಅಂದಂತೆಯೇ.

ಕೆಲವು ದಿನ ಬಿಟ್ಟು ಧೈರ್ಯ ಮಾಡಿ ಹೋದೆ. ಆಕೆ ಆಗಲೇ ಕರಗಿದ ಮಣ್ಣನ್ನು ಗುಡ್ಡೆ ಹಾಕಿ ಮತ್ತೆ ತುಳಿಯುತ್ತಿದ್ದಳು. ಹೊಸ ಸಾಲು ಎರಡು ಬಿದ್ದಿದ್ದವು. ಏರಿ ಇಳಿದು ಹೋಗಿ, ಚಪ್ಪಲಿ ಬಿಟ್ಟು, ‘ಅವತ್ತ ಗಾಳಿ ತಿರುಗಿದ್ದಿಲ್ಲ ತಂಗಿ,’ ಎಂದೆ.

‘ಗೊತ್ತೈತ್ರಿ,’ ಎಂದಳು, ತುಳಿಯುವುದನ್ನು ನಿಲ್ಲಿಸದೆ. ‘ಗಾಳಿ ತಿರುಗಿದ್ರ ನನ್ನ ಸೆರಗಿಗೆ ಗೊತ್ತಾಗ್ತಿದ್ದಿಲ್ಲೇನ್ರಿ?’

‘ನಿನಗ ಚಲೋ ಅಂದ್ರ ಏನು ಅಂತ ಗೊತ್ತಿದ್ದೂ ಹಂಗಂದೆ. ಫೋಟೋದ ಗುಂಗಿನ್ಯಾಗ ಇದ್ದೆ. ತಪ್ಪಾತು.’

ಆಕೆ ಇನ್ನೊಂದು ಸುತ್ತು ತುಳಿದಳು. ‘ಮಳಿಗಾಲ ದೂರಿಲ್ರಿ. ಈ ಸಲ ಹ್ವಾದ್ರ ಮತ್ತ ಹಾಕಾಕ ಆಗಂಗಿಲ್ಲ. ನೆಗೆಣ್ಣಿ ಈಗಾಗಲೇ ನಗಾಕತ್ತಾಳ, ಮಣ್ಣ ತುಳದು ಮಣ್ಣ ಮಾಡಿದ್ಲು ಅಂತ,’ ಎಂದಳು. ನಾನೂ ತುಳಿಯುತ್ತೇನೆಂದು ಕೆಸರಿಗೆ ಕಾಲಿಟ್ಟೆ. ಎರಡು ಸುತ್ತಿಗೆ ಮೊಳಕಾಲು ಹಿಡಿದವು. ‘ಬಾಯಾರ, ನೀವು ಬಿದ್ದು ಹಲ್ಲ ಮುರಕೊಂಡ್ರ ನಿಮಗ ಕಟ್ಟಾವ್ರು ಯಾರ್ರಿ, ಮ್ಯಾಲ ಬರ್ರಿ,’ ಎಂದು ಆಕೆಯೇ ಕೈಹಿಡಿದು ಮೇಲೆ ಕಳಿಸಿದಳು.

ತಪ್ಪು ಒಪ್ಪಿಕೊಂಡೆನಲ್ಲ, ಇನ್ನು ಅದನ್ನು ತೀರಿಸುತ್ತೇನೆಂದು ಹೊರಟೆ. ಆಕಾಶದಲ್ಲಿ ಹತ್ತಿಯ ಅರಳೆಯಷ್ಟು ಮೋಡ ಕಂಡರೂ ಫೋನು. ಎಲ್ಲೋ ದೂರದ ದುಂಡಸಿಯ ಕಡೆ ಗುಡುಗಿದರೂ ಫೋನು. ರೋಗಿಯ ಬಾಯಲ್ಲಿ ಒಂದು ಕೈ ಇಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಫೋನು ಹಿಡಿದು ‘ಮುಚ್ಚು ತಂಗಿ, ಮುಚ್ಚು!’ ಎಂದು ಒದರಿದ್ದೇನೆ. ಪಾಪ ಆ ರೋಗಿ ತನಗೇ ಹೇಳಿದೆ ಅಂದುಕೊಂಡು ಬಾಯಿ ಮುಚ್ಚಿ ನನ್ನ ಬೆರಳು ಕಚ್ಚಿದ. ಆಕೆ ಪ್ರತಿ ಸಲವೂ ಮುಚ್ಚಿದಳು. ಬಹಳ ಸಲ ಮಳೆ ಬರಲಿಲ್ಲ. ಬಂದರೆ ನಾನು ಗೆದ್ದೆ, ಬಾರದಿದ್ದರೆ ಒಳ್ಳೆಯದೇ ಆಯಿತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅತಿಯಾದರೆ ಅಮೃತವೂ ವಿಷ ಅನ್ನುವುದು ನಾನು ದಿನಾ ಸಕ್ಕರೆ ತಿನ್ನುವವರಿಗೆ ಹೇಳುವ ಮಾತು, ನನಗೇ ತಿಳಿಯಲಿಲ್ಲ.

ಒಂದು ದಿನ ಆಕೆಯೇ ಫೋನ್ ಮಾಡಿದಳು.

‘ಬಾಯಾರ, ಸಿಟ್ಟ ಆಗಬ್ಯಾಡ್ರಿ. ಇನ್ನ ನನಗ ಫೋನ್ ಮಾಡಬ್ಯಾಡ್ರಿ.’

‘ಯಾಕವಾ?’

‘ಮುಚ್ಚಿ ಮುಚ್ಚಿ ಇಟ್ಟಂಗಿ ಬೆವರಾಕತ್ತಾವ್ರಿ. ಕೆಳಗಿನ್ವು ಆರವಲ್ವು, ಒಂದಕ್ಕೊಂದು ಅಂಟಕೊಂಡಾವು. ಹಿಂಗಾದ್ರ ಭಟ್ಟ್ಯಾಗ ಸಿಡದ ಹೋಗ್ತಾವು.’ ಅಷ್ಟಕ್ಕೇ ಬಿಡದೆ, ‘ನೀವು ನಿಮ್ಮ ಅಂಜಿಕಿಗೆ ಮುಚ್ಚಸಾಕತ್ತೀರಿ, ನನ್ನ ಇಟ್ಟಂಗಿ ಸಲುವಾಗಿ ಅಲ್ರಿ,’ ಎಂದಳು.

ನನಗೆ ಮೊದಲು ಬಂದದ್ದು ಸಿಟ್ಟು. ಎಷ್ಟು ಸೊಕ್ಕು ಈಕೆಗೆ, ಉಪಕಾರ ಮಾಡಲು ಹೋದರೆ ಹಿಂಗಂತಾಳಲ್ಲ ಎಂದು ಮನೆಯಲ್ಲಿ ಪಾತ್ರೆ ಕುಕ್ಕಿದೆ. ನಮ್ಮವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಆಕಿ ಅಂದದ್ದರಾಗ ತಪ್ಪು ಯಾವುದು ಹೇಳು,’ ಎಂದು ಕೇಳಿದರು. ಹುಡುಕಿದೆ, ಸಿಗಲಿಲ್ಲ. ಕ್ಯಾಮೆರಾ ಹಿಡಿದಾಗಲೂ ನನ್ನದೇ ನೋಡಿಕೊಂಡಿದ್ದೆ, ಫೋನು ಹಿಡಿದಾಗಲೂ ನನ್ನದೇ ನೋಡಿಕೊಂಡೆ. ಆಕೆಯ ಗೋಡೆ ಎರಡೂ ಸಲ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂದಿನಿಂದ ಫೋನು ಮಾಡುವುದನ್ನು ಬಿಟ್ಟೆ.

ಮುಂದಿನದನ್ನು ಹೇಳುವ ಮೊದಲು ಒಂದು ಮಾತು. ಆಕೆಯ ಎರಡನೆಯ ಸಲದ ಇಟ್ಟಂಗಿ ಉಳಿದವು. ಸುಟ್ಟು ಗಟ್ಟಿಯಾದವು. ಖುಲ್ಲಾ ಜಾಗದಲ್ಲಿ ಎದೆಮಟ್ಟ ಗೋಡೆ ಎದ್ದು ಮೇಲೆ ತಗಡು ಬಿತ್ತು. ಈ ಮಳೆಗಾಲ ಆಕೆ ಸ್ವಂತ ಒಲೆಯ ಮುಂದೆ ಕೂತಿದ್ದಾಳೆ. ಅದರಲ್ಲಿ ನನ್ನ ಪಾಲು ಏನೂ ಇಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ರೋಹಿಣಿ ಮಳೆ ಇನ್ನೇನು ಮುಗಿಯುವುದರಲ್ಲಿತ್ತು. ಆಕೆ ಭಟ್ಟಿ ಒಟ್ಟಿದ್ದಾಳೆ, ಮರುದಿನ ಬೆಂಕಿ ಇಡುತ್ತಾಳೆ ಎಂದು ಅಕ್ಕಿಆಲೂರಿನ ರೋಗಿಯೊಬ್ಬರಿಂದ ತಿಳಿಯಿತು. ಆ ಸಂಜೆ ಫೋನಿನಲ್ಲಿ ನೋಡಿದರೆ ಹಿರೇಕೆರೂರಿನ ಮೇಲಿಂದ ಕೆಂಪು ಗುರುತು ನೆಟ್ಟಗೆ ಆ ಕೆರೆಯ ಕಡೆಗೇ ಬರುತ್ತಿದೆ. ಫೋನು ಮಾಡಬೇಡ ಅಂದಿದ್ದಳು, ಬರಬೇಡ ಅಂದಿರಲಿಲ್ಲ. ನಮ್ಮವರನ್ನು ಎಬ್ಬಿಸಿದೆ. ಕ್ಯಾಮೆರಾವನ್ನು ನಾನೇ ಕೈಯಾರೆ ಕಾರಿನ ಡಿಕ್ಕಿಯಲ್ಲಿಟ್ಟು ಮುಚ್ಚಿದೆ. ಮನೆಯಲ್ಲೇ ಬಿಟ್ಟು ಹೋಗಬಹುದಿತ್ತಲ್ಲ ಎಂದು ನಮ್ಮವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾವು ಏರಿ ಇಳಿಯುವಾಗ ಗಾಳಿ ಎದ್ದಿತ್ತು. ಭಟ್ಟಿ ಆಳೆತ್ತರ ನಿಂತಿತ್ತು. ಆಕೆ, ಆಕೆಯ ಗಂಡ ಇಬ್ಬರೂ ಒಂದು ದೊಡ್ಡ ತಾಡಪತ್ರಿಯನ್ನು ಅದರ ಮೇಲೆ ಹೊದಿಸಲು ಹೆಣಗುತ್ತಿದ್ದರು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹಾರುತ್ತಿತ್ತು. ನಾಲ್ಕು ಮೂಲೆಗೆ ಎರಡು ಜನ.

‘ಹಿಡೀರಿ ಬಾಯಾರ, ಆ ಕಡೆ ಹಿಡೀರಿ!’ ಎಂದು ಕೂಗಿದಳು. ಬಂದಿರಾ ಅನ್ನಲಿಲ್ಲ, ಯಾಕೆ ಬಂದಿರಿ ಅನ್ನಲೂ ಇಲ್ಲ. ನಮ್ಮವರು ಒಂದು ಮೂಲೆ, ನಾನೊಂದು ಮೂಲೆ. ಎಷ್ಟು ಹಗುರಾಯಿತು ನನಗೆ! ಎರಡೂ ಕೈಯಿಂದ ಹಿಡಿದು ಕಾಲು ಊರಿ ಜಗ್ಗಿದೆ. ಈ ಹೆಂಗಸಿನ ಮನೆಯ ಒಂದು ಮೂಲೆಯನ್ನು ನಾನು ಹಿಡಿದಿದ್ದೇನೆ ಎಂದುಕೊಂಡು ಇನ್ನೂ ಬಿಗಿಯಾಗಿ ಜಗ್ಗಿದೆ. ಆಕೆಯ ಗಂಡ ಹಗ್ಗ ತಂದು ತನ್ನ ಮೂಲೆ ಬಿಗಿದ. ನಮ್ಮವರ ಮೂಲೆಗೂ ಹಗ್ಗ ಬಂತು.

ಆಗ ನನ್ನ ಬೆನ್ನ ಹಿಂದೆ, ಕೆರೆಯ ಆಚೆ, ಆಕಾಶ ಬೆಳಗಿತು. ಎದುರಿನ ಇಟ್ಟಂಗಿಯ ಮೇಲೆ ನನ್ನ ನೆರಳು ಬಿತ್ತು, ಅಳಿಸಿತು, ಮತ್ತೆ ಬಿತ್ತು. ಒಂದೇ ಮಿಂಚು ನಿಲ್ಲದೆ ನಡುಗುತ್ತಿದೆ ಎಂದು ಗೊತ್ತಾಯಿತು. ಅಂಥದ್ದು ಅಪರೂಪ. ತಿರುಗಬಾರದು, ತಿರುಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ, ಹೇಳಿಕೊಳ್ಳುತ್ತಲೇ ತಿರುಗಿದೆ. ದಿಗಂತದ ಈ ತುದಿಯಿಂದ ಆ ತುದಿಗೆ ಅದು ಮೋಡದ ಹೊಟ್ಟೆಯಡಿ ಹರಿದಾಡುತ್ತಿತ್ತು, ನೀರಿನ ತುಂಬ ಅದೇ. ಅಯ್ಯ ದೇವರೇ, ಎಂಥ ಚೆಂದ ಇತ್ತು! ನನ್ನ ಬಲಗೈ ತಾನಾಗಿ ಬೆರಳು ಮಡಚಿ, ಇಲ್ಲದ ಕ್ಯಾಮೆರಾದ ಗುಂಡಿ ಒತ್ತಿತು.

ತಾಡಪತ್ರಿ ಫಟ್ಟೆಂದು ಕೈ ಬಿಟ್ಟು ಹಾರಿತು. ನನ್ನ ಮೂಲೆ ಇಡೀ ಭಟ್ಟಿಯ ಮೇಲೆದ್ದು ಮಡಚಿಕೊಂಡಿತು, ಮೊದಲ ದಪ್ಪ ಹನಿಗಳು ಒಣ ಇಟ್ಟಂಗಿಯ ಮೇಲೆ ಬಿದ್ದು ಕಪ್ಪು ಚುಕ್ಕೆಗಳಾದವು. ನಾನು ‘ಅಯ್ಯಯ್ಯೋ’ ಎಂದು ನಿಂತಲ್ಲೇ ನಿಂತೆ. ಆಕೆ ತನ್ನ ಮೂಲೆಯನ್ನು ಗಂಡನ ಕೈಗೆ ಕೊಟ್ಟು ಸುತ್ತು ಹಾಕಿ ಓಡಿ ಬಂದಳು, ಜಿಗಿದು ಆ ಅಂಚನ್ನು ಹಿಡಿದಳು, ಇಡೀ ಮೈಭಾರ ಹಾಕಿ ಎಳೆದು ನೆಲಕ್ಕೆ ತಂದಳು. ನಾನು ಹಿಡಿಯಲು ಕೈ ಚಾಚಿದೆ. ಆಕೆ ಕೊಡಲಿಲ್ಲ. ಕಾಲಿನಿಂದ ಮೆಟ್ಟಿ ಹಿಡಿದು, ಬದಿಗೆ ಬಿದ್ದಿದ್ದ ದೊಡ್ಡದೊಂದು ಕಲ್ಲನ್ನು ಎರಡೂ ಕೈಯಿಂದ ಉರುಳಿಸಿ ತಂದು ಅದರ ಮೇಲೆ ಕೂರಿಸಿದಳು. ಆಮೇಲೆ ನನ್ನನ್ನು ನೋಡಿದಳು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

‘ನೀವು ನೋಡ್ರಿ ಬಾಯಾರ,’ ಎಂದಳು. ‘ಇದನ್ನ ಕಲ್ಲು ಹಿಡಕೊಂತೈತಿ.’

ನಾನು ಬದಿಗೆ ಸರಿದು ನಿಂತು ನೋಡಿದೆ.